ಫ್ಲೆಕ್ಸಿನಲ್ಲಿ ಕಾಣದ ಮಕ್ಕಳು



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ನಮ್ಮ ತಾಲ್ಲೂಕು ಕೇಂದ್ರಗಳ ಸರ್ಕಲ್ಲುಗಳನ್ನು ನೀವು ನೋಡಿಯೇ ಇರುತ್ತೀರಿ. ಅಲ್ಲಿಯವರೆಗೆ ನಾಯಕರ ಹುಟ್ಟುಹಬ್ಬಕ್ಕೆ ಮೀಸಲಾಗಿದ್ದ ಜಾಗದಲ್ಲಿ ಮಕ್ಕಳ ಮುಖಗಳು ಏಳುತ್ತವೆ. 625ಕ್ಕೆ 621, 618, 615. ಮೇಲ್ತುದಿಯಲ್ಲಿ ಸಂಸ್ಥೆಯ ಅಧ್ಯಕ್ಷರು ಕೈ ಮುಗಿದು ನಿಂತಿರುತ್ತಾರೆ. ಅವರ ಫೋಟೊ ಮೊದಲ ಸ್ಥಾನ ಬಂದ ಹುಡುಗಿಯ ಫೋಟೊಗಿಂತ ಒಂದು ಸುತ್ತು ದೊಡ್ಡದು. ನಡುವೆ ದಪ್ಪ ಕೆಂಪಕ್ಷರದಲ್ಲಿ 'ಶೇ. 100 ಫಲಿತಾಂಶ'. ಕೆಳಗೆ ಎರಡು ಮೊಬೈಲ್ ನಂಬರು, 'ದಾಖಲಾತಿ ಪ್ರಾರಂಭವಾಗಿದೆ' ಎಂಬ ಸಾಲು.

ಆ ಮಕ್ಕಳು ಕಷ್ಟಪಟ್ಟು ಓದಿದ್ದಾರೆ, ಹೇಳಿಕೊಟ್ಟ ಮೇಷ್ಟ್ರುಗಳೂ ದುಡಿದಿದ್ದಾರೆ. ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಇರುವುದು ಆ ನೂರರ ಲೆಕ್ಕದ ಬಗ್ಗೆ. ಪರೀಕ್ಷೆಗೆ ಕೂತವರೆಲ್ಲ ಪಾಸಾದರು ಎಂದಷ್ಟೇ ಅದು ಹೇಳುತ್ತದೆ. ಎಂಟನೇ ತರಗತಿಗೆ ಸೇರಿದ್ದವರು ಎಷ್ಟು ಮಂದಿ, ಅವರಲ್ಲಿ ಹತ್ತನೇ ತರಗತಿಯ ಪರೀಕ್ಷೆಯವರೆಗೆ ಅದೇ ಶಾಲೆಯಲ್ಲಿ ಉಳಿದವರು ಎಷ್ಟು ಮಂದಿ ಎಂಬುದು ಯಾವ ಫ್ಲೆಕ್ಸಿನಲ್ಲೂ ಬರುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಎಂಟನೇ ತರಗತಿಗೆ ಮುಗಿಯುತ್ತದೆ. ಅಲ್ಲಿಯವರೆಗೆ ಮಗುವನ್ನು ಶಾಲೆಯಿಂದ ಹೊರಗೆ ಹಾಕುವಂತಿಲ್ಲ. ಸೋಸುವ ಕೆಲಸ ಶುರುವಾಗುವುದು ಒಂಬತ್ತರಲ್ಲಿ. ಗಣಿತದಲ್ಲೋ ವಿಜ್ಞಾನದಲ್ಲೋ ಹಿಂದೆ ಬಿದ್ದ ಹುಡುಗನ ಅಪ್ಪನಿಗೆ ಮಾರ್ಚ್ ತಿಂಗಳಲ್ಲಿ ಕರೆ ಬರುತ್ತದೆ. ಕುರ್ಚಿ ಕೊಟ್ಟು ಮರ್ಯಾದೆಯಿಂದಲೇ ಹೇಳುತ್ತಾರೆ: "ನೋಡಿ ಸರ್, ನಮ್ಮಲ್ಲಿ ಇವನಿಗೆ ಕಷ್ಟ ಆಗುತ್ತೆ. ಇನ್ನೊಂದು ವರ್ಷ ಒಂಬತ್ತರಲ್ಲೇ ಇರಲಿ. ಇಲ್ಲ ಅಂದ್ರೆ ಟಿ.ಸಿ. ಕೊಡ್ತೀವಿ, ಬೇರೆ ಕಡೆ ಹತ್ತಕ್ಕೆ ಸೇರಿಸಿ. ಫೇಲ್ ಅಂತ ಬರೆಯಲ್ಲ." ಮೂರನೆಯ ದಾರಿಯೂ ಉಂಟು, ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಿಸುವುದು. ಹುಡುಗ ಅದೇ ಬೆಂಚಿನ ಮೇಲೆ ವರ್ಷವಿಡೀ ಕೂತಿರುತ್ತಾನೆ, ಪೂರಾ ಫೀಸೂ ಕಟ್ಟಿರುತ್ತಾನೆ. ಪರೀಕ್ಷೆ ಬರೆಯುವ ದಿನ ಮಾತ್ರ ಅವನು ಆ ಶಾಲೆಯವನಲ್ಲ.

ಟಿ.ಸಿ. ಹಿಡಿದುಕೊಂಡು ಹೊರಟ ಹುಡುಗ ಹೋಗಿ ಸೇರುವುದು ಸಾಮಾನ್ಯವಾಗಿ ಊರಿನ ಸರ್ಕಾರಿ ಪ್ರೌಢಶಾಲೆಗೆ. ಜೂನಿನಲ್ಲಿ ಅವನನ್ನು ಸೇರಿಸಿಕೊಂಡ ಹೆಡ್ ಮಾಸ್ತರಿಗೆ ಮುಂದಿನ ವರ್ಷ ಫಲಿತಾಂಶ ಕುಸಿಯಿತೆಂದು ನೋಟಿಸು ಬರುತ್ತದೆ. ಕಳಿಸಿದ ಶಾಲೆ ಅಷ್ಟು ಹೊತ್ತಿಗೆ ಹೊಸ ಫ್ಲೆಕ್ಸಿಗೆ ಆರ್ಡರ್ ಕೊಟ್ಟಿರುತ್ತದೆ.

ಹಾಗೆಂದು ಖಾಸಗಿಯವರು ಕಳ್ಳರು, ಸರ್ಕಾರಿಯವರು ಸಾಚಾ ಎಂದು ಹೇಳಹೊರಟಿಲ್ಲ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ, ಒಳಗೆ ನಡೆಯುವುದನ್ನು ಜಿಲ್ಲಾ ಕೇಂದ್ರದಲ್ಲಿ ಕೂತು ನೋಡುವ ವೆಬ್‌ಕಾಸ್ಟಿಂಗ್ ವ್ಯವಸ್ಥೆ ಬಂತು. ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕದ ಮಿತಿಯನ್ನು ಶೇ. 20ಕ್ಕೆ ಏರಿಸಿದ ಮೇಲೆ. ಒಂದೇ ವರ್ಷದಲ್ಲಿ ರಾಜ್ಯದ ಮಕ್ಕಳೆಲ್ಲ ದಡ್ಡರಾದರೇ? ಮೇಷ್ಟ್ರುಗಳು ಸೋಮಾರಿಗಳಾದರೇ? ಕೋಣೆಯೊಳಗೆ ನಡೆಯುತ್ತಿದ್ದ 'ಸಹಕಾರ' ನಿಂತಿತು, ಅಷ್ಟೆ. ಆ ಸಹಕಾರದಲ್ಲಿ ಸರ್ಕಾರಿ, ಅನುದಾನಿತ, ಖಾಸಗಿ ಎಂಬ ಭೇದ ಇರಲಿಲ್ಲ. ಇಷ್ಟು ವರ್ಷ ನಮ್ಮ ಕೈಗೆ ಬರುತ್ತಿದ್ದ ಅಂಕಪಟ್ಟಿಯಲ್ಲಿ ಮಗುವಿನದೆಷ್ಟು, ಕೊಠಡಿಯದೆಷ್ಟು ಎಂದು ಈಗ ಯಾರು ಬಿಡಿಸಿ ಹೇಳುತ್ತಾರೆ?

ಮೇಷ್ಟ್ರಿಂದ ಲೆಕ್ಕ ಕೇಳುವ ಸುಲಭದ ಉಪಾಯ ಫಲಿತಾಂಶ ಎಂದು ದೊರೆಗಳಿಗೆ ಹೊಳೆದದ್ದು ಇಂದು ನಿನ್ನೆಯಲ್ಲ. 1862ರಲ್ಲಿ ಇಂಗ್ಲೆಂಡಿನ ಶಿಕ್ಷಣದ ಹೊಣೆ ರಾಬರ್ಟ್ ಲೋ ಎಂಬವರ ಕೈಯಲ್ಲಿತ್ತು. ಶಾಲೆಗೆ ಕೊಡುವ ಸರ್ಕಾರಿ ಹಣದ ಬಹುಭಾಗವನ್ನು ಅವರು ಓದು, ಬರಹ, ಲೆಕ್ಕ ಈ ಮೂರರ ಪರೀಕ್ಷೆಗೆ ಕಟ್ಟಿಹಾಕಿದರು. ಇನ್ಸ್‌ಪೆಕ್ಟರು ವರ್ಷಕ್ಕೊಮ್ಮೆ ಬಂದು ಪ್ರತಿ ಮಗುವನ್ನೂ ಪರೀಕ್ಷಿಸುತ್ತಿದ್ದರು. ಮಗು ತಪ್ಪಿದರೆ ಹಣ ಕಡಿತ. ಆಮೇಲೆ ಆದದ್ದು ಯಾರಾದರೂ ಊಹಿಸಬಹುದಾದದ್ದೇ. ಪರೀಕ್ಷೆಯ ಪುಸ್ತಕವನ್ನು ಮಕ್ಕಳು ಬಾಯಿಪಾಠ ಮಾಡಿದರು. ಪುಸ್ತಕ ತಲೆಕೆಳಗಾಗಿ ಹಿಡಿದು ಸರಾಗವಾಗಿ 'ಓದಿದ' ಮಕ್ಕಳ ಕಥೆಗಳು ಆ ಕಾಲದವು. ಪರೀಕ್ಷೆಗಿಲ್ಲದ ಇತಿಹಾಸ, ಭೂಗೋಳಗಳಿಗೆ ಶಾಲೆಯಲ್ಲಿ ಜಾಗ ಕಡಿಮೆಯಾಯಿತು. ಸ್ವತಃ ಶಾಲಾ ಇನ್ಸ್‌ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡ್ ಇದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದು ಆ ಶತಮಾನ ಮುಗಿಯುವ ಮುಂಚೆ ಪದ್ಧತಿ ನಿಂತುಹೋಯಿತು.

ಅಷ್ಟರಲ್ಲಿ ಅದು ಹಡಗು ಹತ್ತಿ ಇಲ್ಲಿಗೂ ಬಂದಿತ್ತು. ಮಂಗಳೂರು ಮದ್ರಾಸಿಗೆ, ಧಾರವಾಡ ಮುಂಬಯಿಗೆ ಸೇರಿದ್ದ ದಿನಗಳು. ಎರಡು ಪ್ರಾಂತಗಳಲ್ಲೂ ಫಲಿತಾಂಶ ನೋಡಿ ಅನುದಾನ ಕೊಡುವ ಕ್ರಮ ಇತ್ತು. ಶಾಲೆಯ ಮಟ್ಟಿಗೆ ಇನ್ಸ್‌ಪೆಕ್ಟರೇ ಸರ್ಕಾರ. ಧಾರವಾಡ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ಎಬ್ಬಿಸಿ ನಿಲ್ಲಿಸಿದ ಚನ್ನಬಸಪ್ಪನವರನ್ನು ನಾವು ಇವತ್ತಿಗೂ ಡೆಪ್ಯುಟಿ ಚನ್ನಬಸಪ್ಪ ಎಂದೇ ಕರೆಯುತ್ತೇವೆ. ಶಾಲಾ ತನಿಖೆಯ ಹುದ್ದೆ ಅವರ ಹೆಸರಿಗೇ ಅಂಟಿಕೊಂಡಿತು. ಅವರಂಥ ಪುಣ್ಯಾತ್ಮರು ಶಾಲೆಗೆ ಹೋದದ್ದು ಶಾಲೆ ಬೆಳೆಸಲಿಕ್ಕೆ. ಉಳಿದ ಸಾಹೇಬರುಗಳು ಬರುವ ದಿನ ಮಾತ್ರ ಶಾಲೆಗೆ ಹಬ್ಬ. ಹಿಂದಿನ ದಿನವೇ ನೆಲ ಸಾರಿಸಿ, ಮಾವಿನ ತೋರಣ ಕಟ್ಟಿ, ದನ ಕಾಯಲು ಹೋದ ಹುಡುಗರನ್ನು ಹಿಡಿದು ತಂದು ಕೂರಿಸುವುದು. ಹಳೆಯ ಮೇಷ್ಟ್ರೊಬ್ಬರ ಕಥೆ ಎಲ್ಲ ಜಿಲ್ಲೆಗಳಲ್ಲೂ ಓಡಾಡುತ್ತದೆ: ಸಾಹೇಬರು ಪ್ರಶ್ನೆ ಕೇಳಿದರೆ ಎಲ್ಲರೂ ಕೈ ಎತ್ತಬೇಕು, ಉತ್ತರ ಬರುವವರು ಬಲಗೈ, ಬಾರದವರು ಎಡಗೈ.

ಈಗಲೂ ಆ ಹಬ್ಬ ನಿಂತಿಲ್ಲ, ನೋಡುವವರು ಬದಲಾಗಿದ್ದಾರೆ. ಇನ್ಸ್‌ಪೆಕ್ಟರ ಕುರ್ಚಿಯಲ್ಲಿ ತಂದೆತಾಯಿ ಕೂತಿದ್ದಾರೆ, ಏಕೆಂದರೆ ಮಗುವನ್ನು ಇನ್ನೊಂದು ಶಾಲೆಗೆ ಎತ್ತಿಕೊಂಡು ಹೋಗುವ ಅಧಿಕಾರ ಅವರ ಕೈಗೆ ಬಂದಿದೆ. ಖಾಸಗಿ ಶಾಲೆಯ ಹಳದಿ ಬಸ್ಸು ಹಳ್ಳಿಯ ಅರಳೀಕಟ್ಟೆಯವರೆಗೆ ಬರುತ್ತದೆ. ಶಾಲೆಯ ಮೊದಲ ಜಾಹೀರಾತು ಅದೇ. ಹೆಸರಿನಲ್ಲಿ ಇಂಟರ್‌ನ್ಯಾಷನಲ್ ಇರುತ್ತದೆ, ಆಟದ ಮೈದಾನ ಇರುವುದಿಲ್ಲ. ಮಾನ್ಯತೆ ರಾಜ್ಯ ಪಠ್ಯಕ್ರಮದ್ದು, ಕರಪತ್ರದಲ್ಲಿ ಅಚ್ಚಾಗುವುದು ಸಿಬಿಎಸ್‌ಇ ಎಂಬ ನಾಲ್ಕಕ್ಷರ. ಸರ್ಕಾರಿ ಶಾಲೆಯೂ ಸುಮ್ಮನೆ ಕೂತಿಲ್ಲ. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರು. ಗೋಡೆಗೆ ರೈಲು ಬೋಗಿಯ ಬಣ್ಣ ಬಳಿದ ಶಾಲೆಗಳು ಪತ್ರಿಕೆಯಲ್ಲಿ ಸುದ್ದಿಯಾದವು. ಬಣ್ಣ ಚೆನ್ನಾಗಿಯೇ ಇರುತ್ತದೆ, ಮಕ್ಕಳಿಗೆ ಖುಷಿಯೂ ಆಗುತ್ತದೆ. ಬೋಗಿಯ ಒಳಗೆ ಐದು ತರಗತಿಗೆ ಇಬ್ಬರೇ ಮೇಷ್ಟ್ರು ಎಂಬುದನ್ನು ಆ ಫೋಟೊ ತೋರಿಸುವುದಿಲ್ಲ.

ಮೇಷ್ಟ್ರು ಯಾರಿಗೆ ಉತ್ತರ ಹೇಳಬೇಕು ಎಂಬ ಪ್ರಶ್ನೆ ಬಂದಾಗ ನಮ್ಮಲ್ಲಿ ಮೊದಲು ಕೇಳಿಬರುವುದು ಹಾಜರಿಯ ಮಾತು. 'ಸರ್ಕಾರಿ ಮೇಷ್ಟ್ರು ಶಾಲೆಗೇ ಬರಲ್ಲ.' ಇದಕ್ಕೆ ಆಧಾರ ಇಲ್ಲದಿಲ್ಲ. 2003ರಲ್ಲಿ ವಿಶ್ವಬ್ಯಾಂಕ್ ಮತ್ತು ಹಾರ್ವರ್ಡ್‌ನ ಸಂಶೋಧಕರು ದೇಶದ 20 ರಾಜ್ಯಗಳ ಸುಮಾರು 3,700 ಶಾಲೆಗಳಿಗೆ ಹೇಳದೆ ಕೇಳದೆ ಹೋದಾಗ ಸರ್ಕಾರಿ ಪ್ರಾಥಮಿಕ ಶಾಲೆಗಳ ನಾಲ್ವರಲ್ಲಿ ಒಬ್ಬ ಶಿಕ್ಷಕರು ಜಾಗದಲ್ಲಿರಲಿಲ್ಲ. ಪಾಠ ಮಾಡುತ್ತಿದ್ದವರು ಅರ್ಧದಷ್ಟು. ಆ ಅಂಕಿ ಎರಡು ದಶಕ ನಮ್ಮ ಮೇಷ್ಟ್ರುಗಳ ಬೆನ್ನು ಬಿಡಲಿಲ್ಲ. 2017ರಲ್ಲಿ ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಷನ್ ಆರು ರಾಜ್ಯಗಳ 619 ಶಾಲೆಗಳಲ್ಲಿ ಇದೇ ವಿಷಯವನ್ನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ವಿಚಾರಿಸಿತು: ಇಲ್ಲದವರು ಎಲ್ಲಿ ಹೋಗಿದ್ದಾರೆ? ಶಾಲೆಯಲ್ಲಿ ಇಲ್ಲದವರು ಶೇ. 18.5. ಅವರನ್ನು ಬಿಡಿಸಿ ನೋಡಿದರೆ ಕಾರಣ ಕೊಡದೆ ಚಕ್ಕರ್ ಹೊಡೆದವರು ಒಟ್ಟು ಶಿಕ್ಷಕರಲ್ಲಿ ಶೇ. 2.5 ಮಾತ್ರ. ಮಿಕ್ಕವರು ರಜೆಯ ಮೇಲಿದ್ದರು, ತರಬೇತಿಗೆ ಹೋಗಿದ್ದರು, ಇಲ್ಲವೇ ಇಲಾಖೆಯೇ ಕೊಟ್ಟ ಇನ್ನೊಂದು ಕೆಲಸದಲ್ಲಿದ್ದರು.

ಆ ಇನ್ನೊಂದು ಕೆಲಸ ಎಂಥದೆಂದು ಕನ್ನಡಿಗರಿಗೆ ವಿವರಿಸಬೇಕಿಲ್ಲ. 2025ರ ದಸರೆಯಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆಂದು ಮನೆಮನೆ ಬಾಗಿಲು ತಟ್ಟಿದವರು ಇದೇ ಶಿಕ್ಷಕರು. ಕೆಲಸ ಮುಗಿಯಲಿಲ್ಲವೆಂದು ಅಕ್ಟೋಬರ್ 18ರವರೆಗೆ ಶಾಲೆಯ ರಜೆಯನ್ನೇ ವಿಸ್ತರಿಸಿದರು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಶಿಕ್ಷಕರನ್ನು ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಹಚ್ಚುವಂತಿಲ್ಲ. ಪಾಠ ಹಿಂದೆ ಬಿದ್ದರೆ ತಂದೆತಾಯಿ ಬೈಯುವುದು ಮೇಷ್ಟ್ರನ್ನು. ಕಳಿಸಿಕೊಟ್ಟ ಕಚೇರಿಯ ಬಾಗಿಲಿಗೆ ಯಾವ ತಂದೆತಾಯಿಯೂ ಹೋಗುವುದಿಲ್ಲ.

ಇರಲಿ. ಹಾಜರಿ ಪುಸ್ತಕದ ವಿಷಯ ಇಲ್ಲಿಗೆ ಸಾಕು. ಸಹಿ ಹಾಕಿ, ಬೆರಳೊತ್ತಿ, ಮೊಬೈಲಿಗೆ ಮುಖ ತೋರಿಸಿ ಒಳಗೆ ಬಂದ ಮೇಷ್ಟ್ರು ಆಮೇಲೆ ಏನು ಮಾಡಿದರು ಎಂಬುದನ್ನು ಯಾವ ಯಂತ್ರವೂ ಹೇಳುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ಹೊತ್ತಿಗೆ ಸರಿಯಾಗಿ ಬರುವುದು, ಪಠ್ಯ ಮುಗಿಸುವುದು ಇತ್ಯಾದಿ ನಮಗೆಲ್ಲ ಗೊತ್ತಿರುವ ಮಾತೇ. ಅಲ್ಲೇ ಇನ್ನೊಂದು ಮಾತಿದೆ, ಅದನ್ನು ಹೆಚ್ಚು ಜನ ಓದಿದಂತೆ ಕಾಣುವುದಿಲ್ಲ: ಶಿಕ್ಷಕರು ತಂದೆತಾಯಿಯನ್ನು ನಿಯಮಿತವಾಗಿ ಭೇಟಿ ಮಾಡಿ, ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿತದ್ದರಲ್ಲಿ ಆದ ಪ್ರಗತಿ ಇವುಗಳನ್ನು ತಿಳಿಸಬೇಕು. ಶಾಲೆಯ ಕೃಪೆಯಿಂದ ನಡೆಯುವ ಪೇರೆಂಟ್ಸ್ ಮೀಟಿಂಗ್ ಅಲ್ಲ ಇದು. ಕಾನೂನು ಮೇಷ್ಟ್ರ ಮೇಲೆ ಹೊರಿಸಿದ ಕೆಲಸ. ನಿಜವಾದ ಉತ್ತರದಾಯಿತ್ವ ಎಂದು ನಾನು ಕರೆಯುವುದು ಇದನ್ನು: ಒಂದು ಮಗುವಿನ ಬಗ್ಗೆ, ಅದರ ಹೆತ್ತವರ ಎದುರಿಗೆ, ಗೊತ್ತಿದ್ದದ್ದನ್ನು ಗೊತ್ತಿದ್ದ ಹಾಗೆ ಹೇಳುವುದು.

ಅದು ಹೇಗೆ ನಡೆಯುತ್ತದೆ ಎಂದು ಒಮ್ಮೆ ನೋಡೋಣ. ಶನಿವಾರ ಬೆಳಿಗ್ಗೆ. ಮಂಡ್ಯದ ಕಡೆಯ ಒಂದು ಶಾಲೆ ಎಂದಿಟ್ಟುಕೊಳ್ಳಿ. ಹೊರಗೆ ವರಾಂಡದಲ್ಲಿ ಇಪ್ಪತ್ತು ಜನ ಕಾಯುತ್ತಿದ್ದಾರೆ. ಒಬ್ಬ ತಾಯಿ ಕೂಲಿಗೆ ರಜೆ ಹಾಕಿ ಬಂದಿದ್ದಾರೆ, ಕುರ್ಚಿಯ ತುದಿಯಲ್ಲಿ ಕೂತು ಕೇಳುತ್ತಾರೆ.

"ಮಿಸ್, ನಮ್ ಹುಡುಗ ಹೆಂಗವ್ನೆ?"

"ಪರವಾಗಿಲ್ಲಮ್ಮ. ಬುದ್ಧಿ ಇದೆ, ಗಮನ ಕಡಿಮೆ. ಮನೇಲಿ ಸ್ವಲ್ಪ ಓದಿಸಿ."

"ಆಯ್ತು ಮಿಸ್. ಮಾತು ಕೇಳ್ದಿದ್ರೆ ನಾಕು ಬಾರ್ಸಿ."

ಸಹಿ. ಮುಂದಿನವರು. ಆ ತಾಯಿ ಎದ್ದು ಹೋದರು, ಬಂದಾಗ ಗೊತ್ತಿದ್ದದ್ದಕ್ಕಿಂತ ಒಂದಕ್ಷರ ಹೆಚ್ಚು ತಿಳಿಯಲಿಲ್ಲ. 'ಬುದ್ಧಿ ಇದೆ, ಗಮನ ಕಡಿಮೆ' ಎಂಬ ಮಾತನ್ನು ಕರ್ನಾಟಕದ ಯಾವ ಮಗುವಿನ ಬಗ್ಗೆ ಬೇಕಾದರೂ ಹೇಳಬಹುದು. ಹೊಗಳಿಕೆ ಮಗುವಿನ ಪಾಲಿಗೆ, ತಪ್ಪು ಮನೆಯವರ ಪಾಲಿಗೆ. ಶಾಲೆಯ ತಲೆಯ ಮೇಲೆ ಏನೂ ಬರುವುದಿಲ್ಲ. ಅಂದಹಾಗೆ 'ನಾಕು ಬಾರಿಸುವ' ಅನುಮತಿಯನ್ನು ಕೊಡುವ ಹಕ್ಕು ತಾಯಿಗೂ ಇಲ್ಲ, ಅದೇ ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನು ನಿಷೇಧಿಸಿದೆ. ಆದರೂ ಪ್ರತಿ ಮೀಟಿಂಗಿನಲ್ಲೂ ಯಾರಾದರೊಬ್ಬರು ಕೊಟ್ಟೇ ಕೊಡುತ್ತಾರೆ.

ಶಿಕ್ಷಕರ ತರಬೇತಿಯ ಕೆಲಸದಲ್ಲಿ ನಾನು ಶಾಲೆ ಶಾಲೆ ತಿರುಗುತ್ತಿದ್ದ ಕಾಲದಲ್ಲಿ ಇದಕ್ಕೆ ಉಲ್ಟಾ ಆದದ್ದನ್ನೂ ಕಂಡಿದ್ದೇನೆ. ಗ್ರಾಮದ ಶಾಲೆಯ ಮೇಡಮ್ಮೊಬ್ಬರು ತಂದೆಯೊಬ್ಬರ ಮುಂದೆ ಮಗನ ನೋಟ್ ಪುಸ್ತಕ ತೆರೆದು, ಪೆನ್ಸಿಲಿನ ತುದಿಯಿಂದ ಒಂದು ಭಾಗಾಕಾರ ತೋರಿಸಿದರು. 618ನ್ನು 6ರಿಂದ ಭಾಗಿಸಬೇಕು. ಹುಡುಗ 13 ಎಂದು ಬರೆದಿದ್ದ. "ಇಲ್ನೋಡಿ ಅಣ್ಣ, ಇವನಿಗೆ ಮಗ್ಗಿ ಬರುತ್ತೆ, ಕಳೆಯೋದೂ ಬರುತ್ತೆ. ನಡುವೆ ಒಂದರಲ್ಲಿ ಆರು ಹೋಗಲ್ಲ ಅಂದ್ರೆ ಅಲ್ಲೊಂದು ಸೊನ್ನೆ ಹಾಕ್ಬೇಕು. ಅದನ್ನ ಬಿಟ್ಬಿಡ್ತಾನೆ. 103 ಬರೋದು 13 ಆಗುತ್ತೆ. ಐದಾರು ಲೆಕ್ಕದಲ್ಲಿ ಹಿಂಗೇ ಮಾಡವ್ನೆ. ಎರಡು ವಾರ ಅದೊಂದನ್ನೇ ಮಾಡಿಸ್ತೀನಿ, ಆಮೇಲೆ ಬಂದು ಕೇಳಿ." ಆ ತಂದೆ ಓದಿದವರಲ್ಲ. ಆದರೆ ಆರುನೂರು ರೂಪಾಯಿಯನ್ನು ಆರು ಜನಕ್ಕೆ ಹಂಚಿದರೆ ತಲೆಗೆ ಹದಿಮೂರು ಬರುವುದಿಲ್ಲವೆಂದು ಅವರಿಗೆ ತಕ್ಷಣ ಗೊತ್ತಾಯಿತು, ನಕ್ಕರು. ಎರಡು ವಾರ ಬಿಟ್ಟು ಬಂದು ಕೇಳಲು ಅವರ ಕೈಯಲ್ಲಿ ಈಗ ಒಂದು ಪ್ರಶ್ನೆಯಿತ್ತು.

ಆ ಮೇಡಮ್ಮು ಸುಲಭದ ಕೆಲಸ ಮಾಡಲಿಲ್ಲ. ಮಗುವಿಗೆ ಏನು ಬರುವುದಿಲ್ಲ ಎಂದು ಹೇಳುವಾಗ ತಮಗೇ ಒಂದು ಗಡುವು ಹಾಕಿಕೊಂಡರು. ಎರಡು ವಾರದ ನಂತರವೂ ಹುಡುಗ 13 ಎಂದು ಬರೆದರೆ ಆ ತಂದೆ ಕೇಳಬೇಕಾದವರು ಅವರನ್ನೇ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಿಂದ ಬರುವ ನೋಟಿಸಿಗಿಂತ ಇದು ಬಿಗಿ.

ನೋಟ್ ಪುಸ್ತಕದ ಬಗ್ಗೆ ಇನ್ನೂ ಒಂದು ಮಾತು ಹೇಳಬೇಕು. ಮೀಟಿಂಗಿಗೆ ಮುಂಚೆ ಪುಸ್ತಕಗಳಿಗೆಲ್ಲ ಕಂದು ಕಾಗದದ ಬೈಂಡು, ಹೆಸರಿನ ಚೀಟಿ. ಒಳಗೆ ಪುಟಪುಟಕ್ಕೂ ಕೆಂಪು ಶಾಯಿಯ ರೈಟ್ ಗುರುತು, ಕೆಳಗೆ ಚಿಕ್ಕ ಸಹಿ, ತಾರೀಖು. ತಪ್ಪೇ ಇಲ್ಲ. ನೋಡಿದ ತಾಯಿಗೆ ಹೊಟ್ಟೆ ತುಂಬುತ್ತದೆ. ನನಗೆ ಅಂಥ ಪುಸ್ತಕ ಕಂಡರೆ ಅನುಮಾನ. ಒಂಬತ್ತು ವರ್ಷದ ಮಗು ತಾನೇ ಬರೆದದ್ದರಲ್ಲಿ ತಪ್ಪಿಲ್ಲದೆ ಇರುವುದು ಹೇಗೆ? ಬೋರ್ಡಿನ ಮೇಲೆ ಬರೆದ ಪ್ರಶ್ನೋತ್ತರವನ್ನು ನಲವತ್ತು ಮಕ್ಕಳೂ ಇಳಿಸಿಕೊಂಡಿದ್ದಾರೆ, ಪಕ್ಕದ ಮಗುವಿನ ಪುಸ್ತಕ ತೆಗೆದು ನೋಡಿ, ಅದೇ ವಾಕ್ಯ, ಅದೇ ಅಲ್ಪವಿರಾಮ. ಇನ್ನು ಕೆಲವು ಪುಸ್ತಕಗಳಲ್ಲಿ ತಪ್ಪು ಇರುತ್ತದೆ, ತಪ್ಪಿನ ಮೇಲೂ ರೈಟ್ ಗುರುತು ಇರುತ್ತದೆ. ಸಾಹೇಬರು ಬರುವ ಹಿಂದಿನ ರಾತ್ರಿ ಕೂತು ಗೀಚಿದ್ದು. ನಾನು ಹುಡುಕುವುದು ಬೇರೆ ಥರದ ಪುಸ್ತಕ: ಮಗುವಿನ ತಪ್ಪು ಇದೆ, ಅದರ ಕೆಳಗೆ ಗೆರೆ ಇದೆ, ಎರಡು ಪುಟ ಆದ ಮೇಲೆ ಅದೇ ಥರದ ಲೆಕ್ಕ ಸರಿಯಾಗಿ ಬಂದಿದೆ. ಅಂಥ ಪುಸ್ತಕ ನೋಡಲು ಚೆನ್ನಾಗಿರುವುದಿಲ್ಲ. ಬೈಂಡು ಹರಿದಿರಲೂಬಹುದು.

ಇಂಥದ್ದನ್ನು ಗೋಡೆಯ ಮೇಲೇ ತೋರಿಸುವ ಒಂದು ಪ್ರಯತ್ನ ನಮ್ಮಲ್ಲೇ ಹುಟ್ಟಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯ ಕೆಲವು ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಗಳ ಮಾದರಿ ನೋಡಿ ಬಂದು ಶುರು ಮಾಡಿದ ನಲಿ-ಕಲಿ. ಅದರಲ್ಲಿ ಕಲಿಕಾ ಏಣಿ ಎಂಬುದೊಂದಿದೆ. ಪ್ರತಿ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದು ಪ್ರಗತಿ ನೋಟದ ಪಟ್ಟಿಯಲ್ಲಿ ಕಾಣುತ್ತದೆ. ಅಂಕ ಇಲ್ಲ, ರ‍್ಯಾಂಕ್ ಇಲ್ಲ. ಒಂದು ಮಗು ಮುಂದೆ, ಒಂದು ಹಿಂದೆ. ಹಿಂದಿದ್ದವರಿಗೆ ಅವಮಾನವೂ ಇಲ್ಲ, ಅವರದೂ ಏಣಿಯೇ. ಆಮೇಲೆ ಇದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಆದೇಶದ ಮೂಲಕ ಬಂತು. ಆದೇಶದ ಮೂಲಕ ಬಂದದ್ದಕ್ಕೆ ಏನಾಗುತ್ತದೋ ಹಲವೆಡೆ ಅದೇ ಆಯಿತು, ಪಟ್ಟಿ ತುಂಬುವುದೇ ಒಂದು ಕೆಲಸವಾಯಿತು. ಆದರೂ ಚೆನ್ನಾಗಿ ನಡೆಸುವ ಶಾಲೆಗೆ ಹೋಗಿ ಆ ಗೋಡೆಯ ಮುಂದೆ ಐದು ನಿಮಿಷ ನಿಂತರೆ, ಎ ಪ್ಲಸ್, ಬಿ ಪ್ಲಸ್ ತುಂಬಿದ ನುಣುಪು ಕಾಗದದ ರಿಪೋರ್ಟ್ ಕಾರ್ಡು ಹೇಳದ್ದನ್ನು ಅದು ಹೇಳುತ್ತದೆ.

ಈಗ ಖಾಸಗಿ ಶಾಲೆಯ ಶಿಕ್ಷಕಿಯ ಕಡೆಗೆ ಬರೋಣ. ಫೀಸು ಕಟ್ಟುತ್ತೇವೆ, ಆದ್ದರಿಂದ ಅಲ್ಲಿ ಕೇಳುವ ಹಕ್ಕು ನಮಗೆ ಹೆಚ್ಚು ಎಂದು ಜನ ನಂಬಿದ್ದಾರೆ. ಸಣ್ಣ ಊರಿನ ಬಜೆಟ್ ಶಾಲೆಯ ಮಿಸ್ ಒಬ್ಬರಿಗೆ ಬರುವ ಸಂಬಳದಲ್ಲಿ ಅದೇ ಶಾಲೆಯಲ್ಲಿ ತಮ್ಮ ಇಬ್ಬರು ಮಕ್ಕಳನ್ನು ಓದಿಸುವುದೂ ಕಷ್ಟ. ಮೂಲ ಅಂಕಪಟ್ಟಿಗಳನ್ನು ಆಡಳಿತ ಮಂಡಳಿ ಬೀರುವಿನಲ್ಲಿ ಇಟ್ಟುಕೊಂಡಿರುವ ಕಡೆಗಳೂ ಇವೆ, ನಡುವೆ ಬಿಟ್ಟು ಹೋಗಬಾರದಲ್ಲ. 'ನಿಮ್ಮ ಮಗಳು ಇನ್ನೂ ಕೂಡಿಸಿ ಓದುತ್ತಾಳೆ' ಎಂದು ಆ ಮಿಸ್ ತಾಯಿಗೆ ನಿಜ ಹೇಳಿದರೆ, ತಾಯಿ ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ಹೋಗಿ 'ಇಷ್ಟು ಫೀಸು ಯಾಕೆ ಕಟ್ಟಬೇಕು' ಎನ್ನುತ್ತಾರೆ. ಸಂಜೆ ಮಿಸ್‌ಗೆ ಬುಲಾವ್. ಮುಂದಿನ ಸಲ ಅವರೂ ಕಲಿಯುತ್ತಾರೆ: "ವೆರಿ ಗುಡ್ ಮೇಡಂ, ಶೀ ಈಸ್ ಇಂಪ್ರೂವಿಂಗ್." ಆಕೆ ಉತ್ತರ ಹೇಳಬೇಕಾದದ್ದು ಮಾಲೀಕರಿಗೆ, ಮಾಲೀಕರಿಗೆ ಬೇಕಾದದ್ದು ಜೂನಿನ ದಾಖಲಾತಿ.

ಕಾನೂನು ಇಲ್ಲಿ ಒಂದು ವಿಚಿತ್ರ ಮಾಡಿದೆ. ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ. 2001ರಲ್ಲಿ, ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ ಕರ್ನಾಟಕ ಇದನ್ನು ತಂದಿತು, ದೇಶದ ಕಾಯ್ದೆಗಿಂತ ಎಂಟು ವರ್ಷ ಮುಂಚೆ. 2009ರ ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರಬೇಕು, ಸಮಿತಿಯಲ್ಲಿ ಅರ್ಧ ಹೆಂಗಸರಿರಬೇಕು. ಊರಿನ ರಾಜಕೀಯ ಅದರೊಳಗೆ ನುಸುಳುತ್ತದೆ, ಸಭೆಯ ಸಹಿ ಮನೆಬಾಗಿಲಿಗೇ ಹೋಗಿ ಹಾಕಿಸಿಕೊಂಡು ಬರುತ್ತಾರೆ, ಎಲ್ಲ ನಿಜ. ಆದರೂ ಕೂಲಿ ಮಾಡುವ ತಾಯಿಗೆ ಆ ಶಾಲೆಯ ಖರ್ಚಿನ ಪುಸ್ತಕ ತೆರೆದು ನೋಡುವ ಹಕ್ಕು ಕಾಗದದ ಮೇಲಾದರೂ ಇದೆ. ಅದೇ ಕಾಯ್ದೆಯ 21ನೇ ಸೆಕ್ಷನ್ ಅನುದಾನ ಪಡೆಯದ ಖಾಸಗಿ ಶಾಲೆಗಳನ್ನು ಇದರಿಂದ ಹೊರಗಿಟ್ಟಿದೆ. ಲಕ್ಷ ರೂಪಾಯಿ ಕಟ್ಟುವ ತಂದೆಗೆ ಆ ಕಾಯ್ದೆ ಯಾವ ಸಮಿತಿಯಲ್ಲೂ ಕುರ್ಚಿ ಕೊಟ್ಟಿಲ್ಲ. ಅವರಿಗೆ ಸಿಗುವುದು ವಾರ್ಷಿಕೋತ್ಸವದಲ್ಲಿ ಮೂರನೇ ಸಾಲಿನ ಪ್ಲಾಸ್ಟಿಕ್ ಕುರ್ಚಿ.

ಜಾಹೀರಾತಿನ ವಿಷಯದಲ್ಲೂ ಹಾಗೇ. 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕೋಚಿಂಗ್ ಸಂಸ್ಥೆಗಳಿಗೆ ಮಾರ್ಗಸೂಚಿ ಹೊರಡಿಸಿತು: ಫಲಿತಾಂಶದ ಬಗ್ಗೆ ಸುಳ್ಳು ಹೇಳಬೇಡಿ, ಪಾಸಾದವರ ಫೋಟೊವನ್ನು ಅವರ ಒಪ್ಪಿಗೆ ಇಲ್ಲದೆ ಹಾಕಬೇಡಿ. ಒಳ್ಳೆಯದೇ ಆಯಿತು. ಸರ್ಕಲ್ಲಿನ ಫ್ಲೆಕ್ಸಿನಲ್ಲಿ ನಗುವ ಹದಿನಾರರ ಹುಡುಗಿಗೂ, ಅವಳ ಪಕ್ಕದಲ್ಲಿ ಇಲ್ಲದ ಹುಡುಗನಿಗೂ ಇಂಥದೊಂದು ನಿಯಮ ಬೇಡವೇ?

ಎಲ್ಲ ಶಾಲೆಗಳನ್ನೂ ಒಂದೇ ಅಳತೆಗೋಲಿನಿಂದ ಅಳೆಯುತ್ತೇವೆ ಎಂದು ಸರ್ಕಾರ ಒಮ್ಮೆ ಹೊರಟಿತ್ತು. ಐದು, ಎಂಟು, ಒಂಬತ್ತು, ಹನ್ನೊಂದನೇ ತರಗತಿಗಳಿಗೆ ಮಂಡಳಿಯ ಪರೀಕ್ಷೆ. ಖಾಸಗಿ ಶಾಲೆಗಳ ಸಂಘಟನೆಗಳು ಕೋರ್ಟಿಗೆ ಹೋದವು, ಹೈಕೋರ್ಟಿನಲ್ಲಿ ಒಂದು ಪೀಠ ಒಂದು ಹೇಳಿತು, ಇನ್ನೊಂದು ಪೀಠ ಇನ್ನೊಂದು ಹೇಳಿತು, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಫಲಿತಾಂಶಕ್ಕೆ ತಡೆ ಕೊಟ್ಟಿತು. ಮಕ್ಕಳು ಪರೀಕ್ಷೆ ಬರೆದು ಏನಾಯಿತೆಂದು ತಿಳಿಯದೆ ಕೂತರು. ಹತ್ತು ವರ್ಷದ ಮಗುವಿಗೆ ಹಾಲ್ ಟಿಕೆಟ್ ಹಂಚುವುದರಲ್ಲಿ ನನಗೆ ನಂಬಿಕೆಯಿಲ್ಲ. ಮೇಷ್ಟ್ರನ್ನು ಅಳೆಯಲು ಮಗುವನ್ನು ತಕ್ಕಡಿಯಲ್ಲಿ ಕೂರಿಸುವುದನ್ನು 1862ರಲ್ಲೇ ಮಾಡಿ ನೋಡಿ ಆಗಿದೆ.

ನಮ್ಮ ಪಾಲೂ ಇದರಲ್ಲಿ ಸಣ್ಣದಲ್ಲ. ಶಾಲೆಗಳು ತೋರಿಸುವುದು ನಾವು ಕೇಳಿದ್ದನ್ನು. ಎಲ್‌ಕೆಜಿ ಸೇರಿದ ಮೂರು ತಿಂಗಳಿಗೆ ನೆಂಟರ ಮುಂದೆ ಇಂಗ್ಲಿಷ್ ರೈಮ್ಸ್ ಹೇಳಬೇಕು ಎಂಬುದು ನಮ್ಮ ಆಸೆ. ಮಿಸ್ ಅದನ್ನು ಕಲಿಸಿ ಕಳಿಸುತ್ತಾರೆ. ಹೋಮ್‌ವರ್ಕ್ ಕಡಿಮೆ ಆದರೆ 'ಏನೂ ಕಲಿಸ್ತಾ ಇಲ್ಲ' ಎನ್ನುತ್ತೇವೆ; ಶಾಲೆ ನಾಲ್ಕು ಪುಟ ನಕಲು ಮಾಡಲು ಕೊಡುತ್ತದೆ. ಬೂಟು, ಟೈ, ಬೆಲ್ಟು, ಬಸ್ಸು ನೋಡಿ ಶಾಲೆ ಆರಿಸುತ್ತೇವೆ. ಆಡಳಿತ ಮಂಡಳಿ ಹೆಚ್ಚಿನ ಹಣ ಹಾಕುವುದು ಅಲ್ಲಿಗೇ. ಕೆಟ್ಟ ಸುದ್ದಿ ಹೇಳಿದ ಮಿಸ್ ಮೇಲೆ ದೂರು ಕೊಟ್ಟು, ಒಳ್ಳೆಯ ಸುಳ್ಳು ಹೇಳಿದವರಿಗೆ ಶಿಕ್ಷಕರ ದಿನಾಚರಣೆಯಂದು ಸೀರೆ ಕೊಡುತ್ತೇವೆ.

ಮುಂದಿನ ಜೂನಿನಲ್ಲಿ ನೀವು ಯಾವ ಶಾಲೆಗೆ ಹೋದರೂ, ಅದು ಸರ್ಕಾರಿಯಾಗಲಿ ಖಾಸಗಿಯಾಗಲಿ, ಹೆಡ್ ಮಾಸ್ತರ ಕೋಣೆಯ ಗೋಡೆ ನೋಡಿ. ಸಂಸ್ಥಾಪಕರ ಫೋಟೊ, ಟ್ರೋಫಿಗಳ ಗಾಜಿನ ಕಪಾಟು ಇರಲಿ ಬಿಡಿ. ಅದರ ಪಕ್ಕದಲ್ಲಿ ಒಂದು ಚಿಕ್ಕ ಕರಿಹಲಗೆ ಹಾಕಿ ಎಂದು ಕೇಳಿ. ಎಂಟನೇ ತರಗತಿಗೆ ಸೇರಿದವರು ಇಷ್ಟು. ಅವರಲ್ಲಿ ಇಲ್ಲಿಂದಲೇ ಹತ್ತನೇ ತರಗತಿ ಬರೆದವರು ಇಷ್ಟು. ನಡುವೆ ಟಿ.ಸಿ. ಪಡೆದವರು, ಒಂಬತ್ತರಲ್ಲಿ ಉಳಿದವರು, ಖಾಸಗಿಯಾಗಿ ಕಟ್ಟಿದವರು ಇಷ್ಟಿಷ್ಟು. ಈ ವರ್ಷ ಶಾಲೆ ಬಿಟ್ಟು ಹೋದ ಶಿಕ್ಷಕರು ಇಷ್ಟು. ಪ್ರತಿ ಶಾಲೆಯ ದಾಖಲೆಯಲ್ಲೂ ಈ ಅಂಕಿಗಳು ಈಗಾಗಲೇ ಇವೆ. ಬರೆಯಲು ಬೇಕಾದದ್ದು ಒಂದು ಸೀಮೆಸುಣ್ಣ. ಕೇಳಿದಾಗ ಹೆಡ್ ಮಾಸ್ತರು ಒಂದು ಕ್ಷಣ ಯೋಚಿಸಿ ಬರೆಸಿಯೂ ಬಿಡಬಹುದು. 'ಅದೆಲ್ಲ ಆಫೀಸ್ ವಿಷಯ' ಎಂದರೆ, ಫೀಸು ಕಟ್ಟುವ ಮುಂಚೆ ಇನ್ನೊಂದು ಶಾಲೆಗೂ ಹೋಗಿ ಇದೇ ಪ್ರಶ್ನೆ ಕೇಳಿ.